ಮೊದಲು ನೀರು ಕೇಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಆಫೀಸಿನವರ ಹತ್ತಿರ, ಅಕ್ಕಪಕ್ಕದವರ ಹತ್ತಿರ ನಮ್ಮ ಕ್ರೈಸ್ತ ನಂಬಿಕೆಯ ಬಗ್ಗೆ ಹೇಗೆ ಮಾತಾಡುವುದು, ಎಷ್ಟು ಮಾತಾಡುವುದು, ಮಾತಾಡಲೇಬೇಕಾ ಅಂತ. ನಾನು ದೇವಶಾಸ್ತ್ರ ಓದಿದವಳಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ಕೂತವಳು, ಭಾನುವಾರ ಸಂಡೇ ಸ್ಕೂಲ್ ಮಕ್ಕಳಿಗೆ ಕತೆ ಹೇಳಿದವಳು. ದೇವಶಾಸ್ತ್ರ ಬೇಕಾದರೆ ನಿಮ್ಮ ಅಯ್ಯನವರನ್ನೋ ಫಾದರನ್ನೋ ಕೇಳಿ. ಎದುರು ನಿಂತವರ ಜೊತೆ ಮಾತು ಎಲ್ಲಿ ಕೆಡುತ್ತದೆ ಅನ್ನುವುದು ಮಾತ್ರ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾನೇ ತುಂಬಾ ಸಲ ಕೆಡಿಸಿದ್ದೇನೆ.

ಪ್ರಶ್ನೆ: ಆಂಟಿ, ನಾನು ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ನಮ್ಮ ಚರ್ಚಿನ ಸಭೆಯಲ್ಲಿ ವಾರಕ್ಕೆ ಒಬ್ಬರಿಗಾದರೂ ಯೇಸುವಿನ ಸುವಾರ್ತೆ ಹೇಳಬೇಕು ಅಂತಾರೆ. ಬುಧವಾರದ ಪ್ರಾರ್ಥನೆಯಲ್ಲಿ ಯಾರು ಎಷ್ಟು ಜನಕ್ಕೆ ಹೇಳಿದಿರಿ ಅಂತ ಲೆಕ್ಕ ಕೇಳ್ತಾರೆ. ಮೂರು ವರ್ಷದಿಂದ ನನ್ನ ಜೊತೆ ಊಟಕ್ಕೆ ಕೂರುವ ಗೆಳತಿಗೆ ಒಂದು ಕರಪತ್ರ ಕೊಟ್ಟೆ. ಆಗ ಅವಳ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಗಿ ಒಂದು ವಾರ ಆಗಿತ್ತು. ತಗೊಂಡಳು, ಥ್ಯಾಂಕ್ಸ್ ಅಂದಳು. ಈಗ ಬೇರೆ ಟೇಬಲ್ಲಿನಲ್ಲಿ ಊಟ ಮಾಡ್ತಾಳೆ. ನಂದು ತಪ್ಪಾ? ಅಥವಾ ಇದನ್ನ ಯೇಸುಸ್ವಾಮಿಗಾಗಿ ಪಡುವ ಕಷ್ಟ ಅಂದುಕೊಳ್ಳಬೇಕಾ?

ಇಲ್ಲಿ ಕಷ್ಟ ಪಡುತ್ತಿರುವವಳು ನಿಮ್ಮ ಗೆಳತಿ. ಅದನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಬೇಡಿ.

ಮೊದಲು ಲೆಕ್ಕದ ವಿಷಯ ಮುಗಿಸೋಣ. ಬ್ಯಾಂಕಿನಲ್ಲಿ ನಮಗೂ ಟಾರ್ಗೆಟ್ ಇತ್ತು. ಮಾರ್ಚ್ ಬಂದರೆ ಹೊಸ ಡೆಪಾಸಿಟ್ ತರಬೇಕು. ವರ್ಷವಿಡೀ ತಲೆ ಹಾಕದವಳು ಮಾರ್ಚಿನಲ್ಲಿ ಹಣ್ಣು ಹಿಡಿದುಕೊಂಡು ನೆಂಟರ ಮನೆಗೆ ಹೋದರೆ ಬಾಗಿಲಲ್ಲೇ ಅವರಿಗೆ ಗೊತ್ತಾಗುತ್ತಿತ್ತು, ಇವಳು ಯಾಕೆ ಬಂದಳು ಅಂತ. ಚಿಕ್ಕಮ್ಮ ಒಬ್ಬರು ನಾನು ಚಪ್ಪಲಿ ಬಿಡುವ ಮೊದಲೇ "ಈ ವರ್ಷ ದುಡ್ಡಿಲ್ಲಮ್ಮ, ಕಾಫಿ ಕುಡಿದು ಹೋಗು" ಅಂದಿದ್ದರು. ನಿಮ್ಮ ಗೆಳತಿಗೂ ಹಾಗೇ ಅನಿಸಿರಬಹುದು. ಮೂರು ವರ್ಷ ಪಕ್ಕದಲ್ಲಿ ಕೂತು ತಿಂದಿದ್ದು ಇದಕ್ಕಾಗಿಯಾ ಅಂತ. ಬುಧವಾರ ಲೆಕ್ಕ ಕೇಳಿದರೆ ಸೊನ್ನೆ ಅಂತ ಹೇಳಿ. ಒಂದು ವಾರ ನಾಚಿಕೆಯಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ನನ್ನದೊಂದು ಕತೆ ಹೇಳುತ್ತೇನೆ. ಗದಗದಲ್ಲಿ ಕೆಲಸದಲ್ಲಿದ್ದಾಗ ನಮ್ಮ ಕ್ಯಾಷಿಯರ್ ಒಬ್ಬರ ತಂದೆ ತೀರಿಕೊಂಡರು. ನಾನು ಹೋಗಿ, ಎಲ್ಲಾ ದೇವರ ಚಿತ್ತ, ಧೈರ್ಯ ತಂದುಕೊಳ್ಳಿ ಅಂತ ಹೇಳಿ, ಬೈಬಲಿನ ಎರಡು ಮಾತನ್ನೂ ಸೇರಿಸಿ, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಬಂದೆ. ನಮ್ಮ ಅಟೆಂಡರ್ ಏನೂ ಹೇಳಲಿಲ್ಲ. ಮೂರು ದಿನ ಸಂಜೆ ಸೈಕಲ್ಲಿನಲ್ಲಿ ಅವರ ಮನೆಗೆ ಹೋಗಿ ಆಕಳಿಗೆ ಮೇವು ಹಾಕಿ ಬರುತ್ತಿದ್ದ. ಮನೆ ತುಂಬಾ ನೆಂಟರಿದ್ದರೂ ಹಿತ್ತಿಲಿನ ಆಕಳು ಯಾರಿಗೂ ನೆನಪಾಗಿರಲಿಲ್ಲ. ವರ್ಷಗಳಾದ ಮೇಲೆ ನನ್ನ ನಿವೃತ್ತಿಯ ದಿನ ಆ ಕ್ಯಾಷಿಯರ್ ಸಿಕ್ಕಿದ್ದರು. "ಮೇಡಂ, ಅವತ್ತ ನೀವು ಭಾಳ ಛಲೋ ಮಾತ ಹೇಳಿದ್ರಿ. ಏನಂತ ನೆನಪಿಲ್ರಿ. ಆಕಳಿಗೆ ಮೇವ ಹಾಕಿದ್ದು ಮಾತ್ರ ನೆನಪದ" ಅಂದರು. ಕುಹಕವೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೇ.

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರನ್ನು ನಾವು ಸಂಡೇ ಸ್ಕೂಲಿನಲ್ಲಿ ಬೈದಿದ್ದೇ ಬೈದಿದ್ದು. ಆದರೆ ಅವರು ಮೊದಲು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ, ಅವನ ದುಃಖ ಅಷ್ಟು ದೊಡ್ಡದು ಅಂತ ಅವರಿಗೆ ಕಂಡಿತ್ತು. ಎಂಟನೆಯ ದಿನದಿಂದ ಬಾಯಿ ತೆರೆದರು ನೋಡಿ, ಅಲ್ಲಿಂದ ಕೆಟ್ಟಿತು. ಕೊನೆಗೆ ದೇವರು ಬೈದದ್ದು ಅವರ ಮಾತಿಗೆ.

ಸಮಾರ್ಯದ ಬಾವಿಯ ಕತೆ ನಿಮಗೆ ಬಾಯಿಪಾಠ ಇರುತ್ತದೆ. ಇನ್ನೊಂದು ಸಲ ಓದಿ, ಯೋಹಾನನ ನಾಲ್ಕನೆಯ ಅಧ್ಯಾಯ. ಮಧ್ಯಾಹ್ನದ ಹೊತ್ತು, ಯೆಹೂದ್ಯರಾದ ಯೇಸು ನಡೆದು ದಣಿದು ಬಾವಿಯ ಹತ್ತಿರ ಕೂತಿದ್ದಾರೆ, ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬರುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇಲ್ಲದ ಕಾಲ ಅದು. ಯೇಸುವಿನ ಮೊದಲ ಮಾತು ಏನು? ಕುಡಿಯಲು ನೀರು ಕೊಡು ಅಂತ. ಅಂದರೆ ಆ ಹೆಂಗಸು ಕೊಡುವವಳಾದಳು, ಇವರು ಕೇಳುವವರಾದರು. ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ. ಎಲ್ಲಿ ಹೋದರೂ ನಾವೇ ಕೊಡುವವರು, ಎದುರಿನವರಿಗೆ ಏನೂ ಗೊತ್ತಿಲ್ಲ, ಅವರ ಹತ್ತಿರ ನಮಗೆ ಬೇಕಾದದ್ದು ಏನೂ ಇಲ್ಲ ಅನ್ನುವ ಹಾಗೆ. ಎಮ್ಮಾಹು ದಾರಿಯಲ್ಲೂ ಹಾಗೇ ನೋಡಿ. ಸತ್ತು ಎದ್ದು ಬಂದವರು ಯೇಸುವೇ, ಆದರೂ ತಮ್ಮನ್ನು ಗುರುತಿಸದ ಇಬ್ಬರು ಶಿಷ್ಯರ ಪಕ್ಕ ನಡೆಯುತ್ತಾ "ಏನು ಮಾತಾಡಿಕೊಂಡು ಹೋಗುತ್ತಿದ್ದೀರಿ" ಅಂತ ಕೇಳಿ, ತಮ್ಮದೇ ಕತೆಯನ್ನು ಅವರ ಬಾಯಿಂದ ಪೂರ್ತಿ ಕೇಳಿಸಿಕೊಂಡರು!

ಈಗ ಏನು ಮಾಡಬೇಕು ಅಂದರೆ, ಅವಳು ಒಬ್ಬಳೇ ಇದ್ದಾಗ ಹೋಗಿ, "ಅಮ್ಮನಿಗೆ ಹುಷಾರಿಲ್ಲ ಅಂತ ಗೊತ್ತಾದ ವಾರವೇ ನಾನು ಆ ಪೇಪರ್ ಕೊಟ್ಟಿದ್ದು ಸರಿ ಇರಲಿಲ್ಲ ಕಣೇ, ಸಾರಿ" ಅನ್ನಿ. ಅಲ್ಲಿಗೆ ನಿಲ್ಲಿಸಿ. "ಆದರೆ" ಅಂತ ಮುಂದುವರಿಸಬೇಡಿ, ಅದೊಂದು ಪದ ಇಡೀ ಕ್ಷಮೆಯನ್ನು ತಿಂದುಹಾಕುತ್ತದೆ. ಆಮೇಲೆ ಅಮ್ಮ ಹೇಗಿದ್ದಾರೆ ಕೇಳಿ. ಕೀಮೋಗೆ ಕರೆದುಕೊಂಡು ಹೋಗುವ ದಿನ ಅವಳ ಪಾಲಿನ ಕೆಲಸದಲ್ಲಿ ಸ್ವಲ್ಪ ನೀವು ಹಿಡಿಯಬಹುದಾ ನೋಡಿ. ಅವಳು ಮತ್ತೆ ನಿಮ್ಮ ಟೇಬಲ್ಲಿಗೆ ಬರುತ್ತಾಳೆ ಅಂತ ನಾನು ಮಾತು ಕೊಡಲಾರೆ. ಬರದೇ ಇದ್ದರೂ ಕೀಮೋ ದಿನದ ಕೆಲಸ ಹಿಡಿಯಿರಿ.

ಪ್ರಶ್ನೆ: ಹಾಸನದಲ್ಲಿ ಟೈಲರ್ ಅಂಗಡಿ ಇಟ್ಟಿದೀನಿ ಮೇಡಂ. ಕ್ರಿಸ್ತನ ಫೋಟೊ ನೋಡಿ ಕೆಲವು ಗಿರಾಕಿಗಳು "ಯಾವಾಗ ಕನ್ವರ್ಟ್ ಆದೆ? ಎಷ್ಟು ಕೊಟ್ರು?" ಅಂತ ನಗ್ತಾ ಕೇಳ್ತಾರೆ. ನಮ್ಮ ತಾತನ ಕಾಲದಿಂದ ಕ್ರೈಸ್ತರು ನಾವು. ಸಿಟ್ಟು ಬರುತ್ತೆ. ಗಿರಾಕಿಗಳಲ್ವಾ, ಏನು ಹೇಳೋದು?

ಸಿಟ್ಟು ಬರುವುದು ಸಹಜ. ನನಗೂ ಬರುತ್ತದೆ.

ನಿಮ್ಮ ಧೈರ್ಯಕ್ಕೆ ಕೆಲವು ವಿಷಯ ತಿಳಿದಿರಲಿ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಗೋವಾದಿಂದ ಬಂದು ನೆಲೆಸಿ ಶತಮಾನಗಳಾದವು, 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ನೆನಪು ಆ ಮನೆಗಳಲ್ಲಿ ಇನ್ನೂ ಇದೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲೊಬ್ಬರಾದ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ತಂದರು. ಕಿಟ್ಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಿಮ್ಮದೇ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಏಳುವ ಹಳೇ ಚರ್ಚನ್ನು ನೋಡಲು ಕ್ಯಾಮೆರಾ ಹಿಡಿದು ಜನ ಬರುತ್ತಾರಲ್ಲ, ಅದು ಹತ್ತೊಂಬತ್ತನೇ ಶತಮಾನದ್ದು. ಕಾನೂನೂ ಸ್ವಲ್ಪ ಗೊತ್ತಿರಲಿ. ಸಂವಿಧಾನದ 25ನೇ ವಿಧಿ ನಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಆದರೆ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮವರು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ, ನಮ್ಮನ್ನು ಕಂಡರಾಗದವರು ಎರಡನೆಯದನ್ನು ಮಾತ್ರ.

ಇದನ್ನೆಲ್ಲ ಪ್ಯಾಂಟಿನ ಅಳತೆ ಕೊಡಲು ಬಂದವನ ತಲೆ ಮೇಲೆ ಸುರಿಯಬೇಡಿ. ಅಂಗಡಿಯಲ್ಲಿ ವಾದ ಗೆದ್ದರೆ ಗಿರಾಕಿ ಹೋಗುತ್ತಾನೆ, ಸೋತರೆ ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲ. ಒಂದು ಕೆಲಸ ಮಾಡಿ. ನಿಮ್ಮ ತಾತ ಯಾಕೆ ಸೇರಿದರು ಅಂತ ನಿಮಗೆ ಗೊತ್ತಾ? ಮನೆಯ ಹಿರಿಯರನ್ನು ಕೇಳಿ. ಎಷ್ಟೋ ಮನೆಗಳಲ್ಲಿ ಉತ್ತರ ಹೀಗಿರುತ್ತದೆ: ಶಾಲೆಯಲ್ಲಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂರಿಸಿದರು, ಕಾಯಿಲೆ ಬಿದ್ದಾಗ ಮೈ ಮುಟ್ಟಿ ನೋಡಿದರು. ಅದನ್ನು ಹೇಳಲು ನಾಚಿಕೆ ಯಾಕೆ? ಮುಂದಿನ ಸಲ ಕೇಳಿದಾಗ ಟೇಪು ಕೈಯಲ್ಲಿ ಹಿಡಿದೇ, "ನಮ್ಮ ತಾತನ ಕಾಲದ್ದು ಸ್ವಾಮಿ, ದೊಡ್ಡ ಕತೆ, ಟ್ರಯಲ್‌ಗೆ ಬಂದಾಗ ಹೇಳ್ತೀನಿ" ಅನ್ನಿ. ನಿಜವಾಗಿ ತಿಳಿಯಬೇಕು ಅನ್ನುವವನು ಟ್ರಯಲ್ ದಿನ ಮತ್ತೆ ಕೇಳುತ್ತಾನೆ. ಕೆಣಕಲು ಬಂದವನು ಮರೆತಿರುತ್ತಾನೆ.

ಯಾರಾದರೂ ಬೆದರಿಕೆ ಹಾಕುವ ಮಟ್ಟಕ್ಕೆ ಬಂದರೆ ಈ ಜಾಣತನ ಯಾವುದೂ ಬೇಡ. ಅಕ್ಕಪಕ್ಕದ ಅಂಗಡಿಯವರನ್ನು ಕರೆಯಿರಿ, ಗೊತ್ತಿರುವ ವಕೀಲರಿಗೆ ಫೋನ್ ಮಾಡಿ, ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಆಯುಧಪೂಜೆ ದಿನ ಮಂಡಕ್ಕಿ, ಸಿಹಿ, ಪ್ರಸಾದ ಹಂಚ್ತಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ, ತಗೊಂಡ್ರೆ ಮನೆಯಲ್ಲಿ ಹೆಂಡತಿ ಬೇಜಾರು. — ಶಿವಮೊಗ್ಗ ಜಿಲ್ಲೆಯ ಓದುಗ

ಈ ಜಗಳ ಎರಡು ಸಾವಿರ ವರ್ಷ ಹಳೆಯದು. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ ಎಂಟು ಮತ್ತು ಹತ್ತನೇ ಅಧ್ಯಾಯ ಓದಿ. ಸಂತೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ ಅನ್ನುತ್ತಾನೆ, ಇದು ನೈವೇದ್ಯದ್ದು ಅಂತ ಒಬ್ಬರು ಹೇಳಿದರೆ ತಿನ್ನಬೇಡಿ ಅನ್ನುತ್ತಾನೆ, ನಿಮ್ಮ ಸ್ವಾತಂತ್ರ್ಯದಿಂದ ಇನ್ನೊಬ್ಬರು ಎಡವಬಾರದು ಅಂತಲೂ ಅನ್ನುತ್ತಾನೆ. ಅದಕ್ಕೇ ನಮ್ಮ ಸಭೆಗಳಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ತಿನ್ನಬೇಕೋ ಬೇಡವೋ ಅಂತ ನಾನು ತೀರ್ಪು ಕೊಡುವುದಿಲ್ಲ, ಅದು ನೀವೂ ನಿಮ್ಮ ಹೆಂಡತಿಯೂ ಕೂತು ತೀರ್ಮಾನಿಸಬೇಕಾದದ್ದು. ನಾನಂತೂ ತಗೊಳ್ಳುವುದಿಲ್ಲ.

ತಗೊಳ್ಳುವುದಿಲ್ಲ ಅಂತ ಹೇಳುವುದನ್ನು ನಾನು ಕಲಿತದ್ದು ನಿಧಾನವಾಗಿ. ಮೊದಲ ವರ್ಷಗಳಲ್ಲಿ ಟ್ರಾಫಿಕ್ ಪೊಲೀಸರ ಹಾಗೆ ಅಂಗೈ ಎತ್ತುತ್ತಿದ್ದೆ. ತಟ್ಟೆ ಹಿಡಿದು ಬಂದ ಹುಡುಗಿಯ ಮುಖ ಎಲ್ಲರೆದುರು ಸಣ್ಣದಾಗುತ್ತಿತ್ತು, ನನಗೆ ಒಳಗೆ ಏನೋ ಗೆದ್ದ ಹಾಗೆ, ಈಗ ನೆನೆಸಿದರೆ ಅಸಹ್ಯ. ಆಮೇಲೆ ಒಂದು ಉಪಾಯ ಹೊಳೆಯಿತು. ಬೇಡ ಅನ್ನುವುದನ್ನು ಹಬ್ಬದ ದಿನ ಹೇಳಬಾರದು. ಹದಿನೈದು ದಿನ ಮೊದಲೇ, ಚಹಾ ಕುಡಿಯುವಾಗ, ತಟ್ಟೆ ಯಾರ ಕೈಯಲ್ಲಿ ಇರುತ್ತದೋ ಅವರಿಗೇ ಹೇಳಬೇಕು. "ಪ್ರಸಾದ ಮಾತ್ರ ನಾನು ತಗೊಳ್ಳೋದಿಲ್ಲಪ್ಪ, ನಮ್ಮ ಮನೆ ಪದ್ಧತಿ. ಕಸ ಗುಡಿಸೋದು, ತೋರಣ ಕಟ್ಟೋದು ನನ್ನ ಪಾಲಿಗಿರಲಿ." ಆಮೇಲೆ ಹೇಳಿದ ಹಾಗೆ ನಿಜವಾಗಿಯೂ ಗುಡಿಸಬೇಕು. ನಾನು ಕಡತಗಳ ಧೂಳು ಹೊಡೆದು, ಮಾವಿನೆಲೆ ಕಟ್ಟಿ, ತಿಂಡಿಗೆ ಸಮಪಾಲು ದುಡ್ಡು ಹಾಕುತ್ತಿದ್ದೆ. ಎರಡನೇ ವರ್ಷದಿಂದ ಪೂಜೆಗೆ ಇಡುವ ಮೊದಲೇ ನನ್ನ ಪಾಲಿನ ಮಂಡಕ್ಕಿಯನ್ನು ಅವರೇ ಬೇರೆ ಡಬ್ಬಿಯಲ್ಲಿ ತೆಗೆದಿಡುತ್ತಿದ್ದರು.

ಡಿಸೆಂಬರಿನಲ್ಲಿ ನೀವು ಕೇಕ್ ಒಯ್ಯುವಾಗ ಮೊಟ್ಟೆ ತಿನ್ನದವರಿಗೆ ಬೇರೆ ತರುತ್ತೀರಾ? ಸುಮ್ನೆ ಕೇಳಿದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಒಂದು ಬೈಬಲ್ ವಚನ ಹಾಕ್ತೀನಿ. ಒಬ್ಬರು ಹಾಕಬೇಡಿ ಅಂದ್ರು. ಬೇರೆಯವರು ಅವರ ದೇವರ ಫೋಟೊ ಹಾಕಲ್ವಾ? — ಮಂಗಳೂರು

ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಅಂತ ನೋಡಲು ಮಾಡಿದ ಗ್ರೂಪು ಅದು. ನಿಲ್ಲಿಸಿ. ಅವರೂ ನಿಲ್ಲಿಸಿದರೆ ಒಳ್ಳೆಯದು, ನಿಲ್ಲಿಸದಿದ್ದರೂ ನೀವು ನಿಲ್ಲಿಸಿ.

ನೀವು ಮಂಗಳೂರಿನಲ್ಲಿದ್ದೀರಿ, ನಿಮಗೆ ವಾಟ್ಸಾಪ್ ಯಾಕೆ ಬೇಕು? ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಮನೆ ಮನೆಗೆ ಹೋಗುತ್ತದಲ್ಲ. ನೆವ್ರಿ, ಕಿಡಿಯೊ ತಿನ್ನುತ್ತಾ ಬಾಗಿಲಲ್ಲಿ ನಿಂತು ಆಡುವ ಹತ್ತು ನಿಮಿಷದ ಮಾತು ವರ್ಷದ 365 ವಚನಕ್ಕಿಂತ ಮೇಲು. ಮಕ್ಕಳು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು ನೋಡಲು ಬಂದು "ಕತ್ತೆ ಯಾಕಿದೆ? ಪಾಪು ಹುಲ್ಲಿನ ಮೇಲೆ ಯಾಕೆ ಮಲಗಿದೆ? ಅವರಿಗೆ ಮನೆ ಇರಲಿಲ್ವಾ?" ಅಂತ ಕೇಳುತ್ತವೆ. ಆಗ ಹೇಳಿ ಕತೆ, ಕೇಳಿದಷ್ಟು.

ಪ್ರಶ್ನೆ: ನಾನು ನರ್ಸ್, ಐಸಿಯುನಲ್ಲಿ ಕೆಲಸ. ಕೆಲವು ರೋಗಿಗಳು ನನ್ನ ಕುತ್ತಿಗೆಯ ಶಿಲುಬೆ ನೋಡಿ "ಸಿಸ್ಟರ್, ನಂಗೋಸ್ಕರ ಪ್ರಾರ್ಥನೆ ಮಾಡಿ" ಅಂತಾರೆ. ಮಾಡಬಹುದಾ? ಕೇಳದೇ ಇರುವವರಿಗೂ ಹೇಳಬೇಕು ಅಂತ ಒಮ್ಮೊಮ್ಮೆ ಅನಿಸುತ್ತೆ, ನಾಳೆ ಅವರು ಇರ್ತಾರೋ ಇಲ್ವೋ.

ಕೇಳಿದವರಿಗೆ ಮಾಡಿ. ಆಸ್ಪತ್ರೆಯ ನಿಯಮ ಏನಿದೆ ನೋಡಿಕೊಳ್ಳಿ, ಪಕ್ಕದ ಬೆಡ್ಡಿಗೆ ಕೇಳಿಸದ ಹಾಗೆ ಮೆಲ್ಲಗೆ, ಎರಡೇ ಮಾತು. ಅವರು ಏನು ಕೇಳಿದರೋ ಅದನ್ನೇ. ಮಗಳ ಮದುವೆ ನೋಡಬೇಕು ಅಂದರೆ ಅದನ್ನೇ ದೇವರ ಮುಂದೆ ಇಡಿ. ಅವರ ಪ್ರಾರ್ಥನೆಯೊಳಗೆ ನಿಮ್ಮ ಪ್ರವಚನ ನುಗ್ಗಿಸಬೇಡಿ. ಸಭೆಯ ಭಾಷೆಯೂ ಬೇಡ. ಕರ್ತನು, ಅಭಿಷೇಕ, ರಕ್ತದ ಕೋಟೆ ಎಲ್ಲಾ ನಮಗೆ ಅಭ್ಯಾಸ. ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದವರಿಗೆ ರಕ್ತ ಅಂದರೆ ಗಾಬರಿ.

ಕೇಳದೇ ಇರುವವರ ವಿಷಯ ಬೇರೆ, ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಬಸ್ಸಿನಲ್ಲಿ ನಾನು ಕೊರೆದರೆ ನೀವು ಮುಂದಿನ ಸ್ಟಾಪಿನಲ್ಲಿ ಇಳಿಯಬಹುದು. ನಿಮ್ಮ ರೋಗಿ ಎಲ್ಲಿಗೆ ಇಳಿದು ಹೋಗಬೇಕು? ಕೈಗೆ ಸೂಜಿ ಚುಚ್ಚಿದೆ, ಬೆಡ್‌ಪ್ಯಾನಿಗೂ ನಿಮ್ಮನ್ನೇ ಕರೆಯಬೇಕು. ಬೇಡ ಅಂದರೆ ಈ ಸಿಸ್ಟರ್ ಬೇಜಾರು ಮಾಡಿಕೊಂಡು ಸರಿಯಾಗಿ ನೋಡಿಕೊಳ್ಳಲಾರಳೇನೋ ಅನ್ನುವ ಭಯವೂ ಇರುತ್ತದೆ. ಎದ್ದು ಹೋಗಲಾಗದವರ ಮುಂದೆ, ಬೇಡ ಅನ್ನಲು ಹೆದರುವವರ ಮುಂದೆ ನಮ್ಮ ನಂಬಿಕೆಯನ್ನು ಬಿಚ್ಚಿ ಹರವುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮೊಳಗಿನ ನಿರೀಕ್ಷೆಯ ಬಗ್ಗೆ ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ ಅಂತ ಪೇತ್ರನ ಮೊದಲ ಪತ್ರದಲ್ಲಿದೆಯಲ್ಲ, ಅಲ್ಲಿ "ಕೇಳುವವರಿಗೆ" ಅಂತ ಇದೆ. ಸಾತ್ವಿಕವಾಗಿ ಹೇಳಿ ಅಂತಲೂ ಪಕ್ಕದಲ್ಲೇ ಇದೆ. ಆ ಮಾತನ್ನು ನಮ್ಮ ಕನ್ವೆನ್ಷನ್‌ಗಳಲ್ಲಿ ಎಷ್ಟು ಸಲ ಕೇಳಿದ್ದೇನೆ, ಆ ಎರಡು ಪದದ ಮೇಲೆ ನಿಂತವರು ಕಡಿಮೆ.

ಕೇಳದವರಿಗೋಸ್ಕರ ಮನಸ್ಸಿನಲ್ಲೇ ಪ್ರಾರ್ಥಿಸಿ. ದೇವರಿಗೆ ಕೇಳಿಸಲು ರೋಗಿಗೂ ಕೇಳಿಸಬೇಕು ಅಂತೇನಿಲ್ಲವಲ್ಲ. ಆಮೇಲೆ ಅವರ ಹಾಸಿಗೆಯ ಮಡಿಕೆ ನೇರ ಮಾಡಿ, ಅದು ಬೆನ್ನಿಗೆ ಒತ್ತುತ್ತಿರುತ್ತದೆ. ನನ್ನ ಗಂಡ ಹನ್ನೊಂದು ದಿನ ಅಲ್ಲಿದ್ದರು, ಹಾಗಾಗಿ ಗೊತ್ತು.

ಪ್ರಶ್ನೆ: ನನ್ನ ಗಂಡ ಸಭೆಯ ಕಮಿಟಿಯಲ್ಲಿದ್ದಾರೆ, ಕ್ವಾಯರ್‌ನಲ್ಲಿ ಹಾಡ್ತಾರೆ, ಎಲ್ಲರ ಹತ್ತಿರ ದೇವರ ಬಗ್ಗೆ ಸಾಕ್ಷಿ ಹೇಳ್ತಾರೆ. ಮನೆಯಲ್ಲಿ ಕೆಲಸದವಳ ಮೇಲೆ ಕೂಗಾಡೋದು ನೋಡಿದರೆ ನಂಗೆ ತಲೆ ತಗ್ಗಿಸೋ ಹಾಗಾಗುತ್ತೆ. ಒಂದು ಲೋಟ ಒಡೆದಿದ್ದಕ್ಕೆ ಏನೆಲ್ಲ ಅಂದ್ರು. ಅವಳು ಹಿಂದೂ, ನಮ್ಮ ಬಗ್ಗೆ ಏನು ತಿಳ್ಕೋತಾಳೆ? — ಹೆಸರು ಬೇಡ, ಹುಬ್ಬಳ್ಳಿ

ಏನು ತಿಳಿದುಕೊಳ್ಳುತ್ತಾಳೋ ಅದು ಸರಿಯಾಗಿಯೇ ಇರುತ್ತದೆ. ನಿಮ್ಮ ಸಭೆಯ ಯಾರಿಗಿಂತಲೂ ನಿಮ್ಮ ಮನೆಯ ಒಳಮಾತು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಹಿಂದೂ ಅಂತ ನಿಮಗೆ ಚಿಂತೆ ಯಾಕೆ? ನಮ್ಮವಳೇ ಆಗಿದ್ದರೆ ಬೈಯಬಹುದಿತ್ತಾ?

ಯಾಕೋಬನ ಪತ್ರದ ಮೂರನೇ ಅಧ್ಯಾಯ ನಿಮ್ಮ ಗಂಡನಿಗೆ ಗೊತ್ತಿರುತ್ತದೆ. ಒಂದೇ ಬಾಯಿಂದ ಸ್ತುತಿ, ಅದೇ ಬಾಯಿಂದ ಶಾಪ, ಒಂದೇ ಒರತೆಯಿಂದ ಸಿಹಿನೀರೂ ಕಹಿನೀರೂ ಬರುತ್ತದಾ ಅಂತ. ಅದನ್ನು ಓದಿ ತೋರಿಸಿದರೆ ಅವರು ಅದರ ಮೇಲೆ ನಿಮಗೇ ಒಂದು ಪ್ರಸಂಗ ಮಾಡುತ್ತಾರೆ, ಕಮಿಟಿಯವರನ್ನು ನಾನು ಬಲ್ಲೆ. ಸಿಟ್ಟಿನ ಹೊತ್ತಿನಲ್ಲೂ ಹೇಳಬೇಡಿ. ಭಾನುವಾರ ಊಟ ಆದಮೇಲೆ, ಇಬ್ಬರೇ ಇರುವಾಗ, "ನೀವು ಅವಳ ಹತ್ತಿರ ಕ್ಷಮೆ ಕೇಳಬೇಕು" ಅಂತ ನೇರವಾಗಿ ಹೇಳಿ. ಕೇಳುತ್ತಾರೋ ಇಲ್ಲವೋ ನೋಡಿ. ಅಲ್ಲಿಯವರೆಗೆ ಅವಳ ಸಂಬಳದಲ್ಲಿ ಲೋಟದ ದುಡ್ಡು ಹಿಡಿಯದ ಹಾಗೆ ನೀವು ನೋಡಿಕೊಳ್ಳಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮದು ನಾಲ್ಕು ಪುಟದ ಕಾಗದ, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇವೆ. ಅದರಲ್ಲಿ ಅಯ್ಯನವರ ಹೆಸರಿದೆ, ಕ್ವಾಯರ್ ಮಾಸ್ಟರ ಹೆಸರಿದೆ, ನಿಮ್ಮ ನಾದಿನಿಯರ ಹೆಸರೂ ಇದೆ. ಅವಳು ಮಾತ್ರ ನಾಲ್ಕು ಪುಟದಲ್ಲೂ "ಕೆಲಸದವಳು". ಮುಂದಿನ ಸಲ ಬರೆಯುವಾಗ ಅವಳ ಹೆಸರು ಬರೆಯಿರಿ. ಅಚ್ಚು ಹಾಕುವುದಿಲ್ಲ.